ಕೈಯಿಂದ ಕೈಗೆ ದಾಟುವ ರೋಗಿ: ಆರೋಗ್ಯ ಸಿಬ್ಬಂದಿಯ ತಂಡದ ಕೆಲಸವನ್ನು ಅಧ್ಯಯನ ಮಾಡುವ ಬಗೆ

ಯಾದಗಿರಿ ಜಿಲ್ಲೆಯ ಒಂದು ತಾಂಡಾದಿಂದ ತೀವ್ರ ರಕ್ತಹೀನತೆಯಿರುವ ಗರ್ಭಿಣಿಯೊಬ್ಬರು ಹೆರಿಗೆಗೆ ಹೊರಟಿದ್ದಾರೆ ಎಂದುಕೊಳ್ಳೋಣ. ಹೊರಡುವಂತೆ ಮನೆಯವರನ್ನು ಒಪ್ಪಿಸಿದವರು ಆಶಾ ಕಾರ್ಯಕರ್ತೆ. ತಾಯಿ ಕಾರ್ಡಿನಲ್ಲಿ ರಕ್ತದ ಪ್ರಮಾಣ ಬರೆದವರು ಉಪಕೇಂದ್ರದ ಪ್ರಾಥಮಿಕ ಆರೋಗ್ಯ ಸುರಕ್ಷಾಧಿಕಾರಿ; ಊರವರ ಬಾಯಲ್ಲಿ ಅವರು ಇಂದಿಗೂ ಸಿಸ್ಟರೇ. ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯಾಧಿಕಾರಿ ರೆಫರ್ ಚೀಟಿ ಬರೆಯುತ್ತಾರೆ, 108ರ ಸಿಬ್ಬಂದಿ ದಾರಿಯುದ್ದಕ್ಕೂ ನೋಡಿಕೊಳ್ಳುತ್ತಾರೆ, ಜಿಲ್ಲಾಸ್ಪತ್ರೆಯ ಸ್ಟಾಫ್ ನರ್ಸ್ ಒಳಗೆ ಕರೆದುಕೊಳ್ಳುತ್ತಾರೆ. ಪ್ರಸೂತಿ ತಜ್ಞರು, ಅರಿವಳಿಕೆ ತಜ್ಞರು, ರಕ್ತನಿಧಿಯ ಟೆಕ್ನೀಷಿಯನ್, ಸ್ಟ್ರೆಚರ್ ತಳ್ಳುವ ಗ್ರೂಪ್ ಡಿ ನೌಕರರು ಒಬ್ಬೊಬ್ಬರಾಗಿ ಕೈಹಚ್ಚುತ್ತಾರೆ. ಅಲ್ಲಿಯೂ ಆಗದೆ ಸುಮಾರು 80 ಕಿ.ಮೀ. ದೂರದ ಕಲಬುರಗಿಗೆ ಕಳುಹಿಸಿದರೆ ಇದೇ ಸರಣಿ ಮೊದಲಿನಿಂದ ಇನ್ನೊಮ್ಮೆ ನಡೆಯುತ್ತದೆ. ಇವರಲ್ಲಿ ಬಹುಪಾಲು ಜನ ಒಬ್ಬರ ಮುಖವನ್ನೊಬ್ಬರು ನೋಡಿರುವುದಿಲ್ಲ. ಆದರೂ ಇವರೆಲ್ಲರ ಕೆಲಸ ಒಂದಕ್ಕೊಂದು ಕೂಡಿಕೊಂಡರೆ ಮಾತ್ರ ಆ ತಾಯಿ ಉಳಿಯುತ್ತಾರೆ.

ಈ ಕೂಡಿಕೊಳ್ಳುವಿಕೆಯನ್ನು ಹೇಗೆ ಅಧ್ಯಯನ ಮಾಡಬೇಕು ಎಂಬುದು ಈ ಬರಹದ ವಿಷಯ. ಕಲಬುರಗಿ, ಬೀದರ್, ಯಾದಗಿರಿ ಜಿಲ್ಲೆಗಳ ವೈದ್ಯಕೀಯ ಮತ್ತು ನರ್ಸಿಂಗ್ ಕಾಲೇಜುಗಳಲ್ಲಿ ಪ್ರಬಂಧ ಬರೆಯುತ್ತಿರುವವರು, ಗುಲಬರ್ಗಾ ವಿಶ್ವವಿದ್ಯಾಲಯದಲ್ಲೋ ಕಡಗಂಚಿಯ ಕೇಂದ್ರೀಯ ವಿಶ್ವವಿದ್ಯಾಲಯದಲ್ಲೋ ಸಮಾಜವಿಜ್ಞಾನ ಓದುತ್ತಿರುವವರು, ತಮ್ಮ ವಾರ್ಡಿನ ಕೆಲಸವನ್ನು ತಾವೇ ಪರಿಶೀಲಿಸಬೇಕೆಂದಿರುವ ಸಿಬ್ಬಂದಿ, ಇವರೆಲ್ಲರನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದಿದ್ದೇನೆ. ನಾನು ಹೇಳಬೇಕೆಂದಿರುವುದು ಇಷ್ಟು: ವ್ಯಕ್ತಿಗಳನ್ನು ಒಬ್ಬೊಬ್ಬರಾಗಿ ಅಳೆದು ಕೂಡಿಸಿದರೆ ತಂಡ ಸಿಗುವುದಿಲ್ಲ, ರೋಗಿ, ಮಾಹಿತಿ ಮತ್ತು ಹೊಣೆ ಒಂದು ಕೈಯಿಂದ ಇನ್ನೊಂದು ಕೈಗೆ ದಾಟುವ ಜಾಗದಲ್ಲಿ ಕಣ್ಣಿಟ್ಟು ಕೂರಬೇಕು, ಮತ್ತು ಆ ಜಾಗವನ್ನು ಪೂರ್ತಿಯಾಗಿ ಕಾಣಲು ಯಾವ ಒಂದು ಶಾಸ್ತ್ರದ ಕಣ್ಣೂ ಸಾಲದು.

ಮೊದಲು ಪ್ರಸಂಗ, ಆಮೇಲೆ ಪ್ರಶ್ನೆ

ಬಹಳ ಜನ ‘ನಮ್ಮ ಆಸ್ಪತ್ರೆಯಲ್ಲಿ ಟೀಮ್‌ವರ್ಕ್ ಹೇಗಿದೆ’ ಎಂಬ ಪ್ರಶ್ನೆಯಿಂದ ಆರಂಭಿಸುತ್ತಾರೆ. ಆ ಪ್ರಶ್ನೆಗೆ ಬರುವ ಉತ್ತರ ‘ಚೆನ್ನಾಗಿದೆ’ ಎಂಬುದೊಂದೇ. ಹಲವು ವರ್ಷಗಳ ಹಿಂದೆ ನಾನೂ ಒಂದು ಆಸ್ಪತ್ರೆಯಲ್ಲಿ ಹೀಗೆಯೇ ಪ್ರಶ್ನಾವಳಿ ಹಂಚಿದ್ದೆ. ಹಾಳೆಗಳು ಮರಳಿ ಬಂದಾಗ ಹೆಚ್ಚುಕಡಿಮೆ ಎಲ್ಲರೂ ‘ಅತ್ಯುತ್ತಮ’ ಎಂಬ ಮನೆಗೇ ಗುರುತು ಹಾಕಿದ್ದರು. ಅದೇ ವಾರ, ಅದೇ ವಾರ್ಡಿನ ರೋಗಿಯೊಬ್ಬರ ರಕ್ತಪರೀಕ್ಷೆಯ ವರದಿ ಪ್ರಯೋಗಾಲಯದ ಮೇಜಿನ ಮೇಲೆ ಒಂದಿಡೀ ರಾತ್ರಿ ಬಿದ್ದಿತ್ತು. ಅದನ್ನು ತರುವುದು ಯಾರ ಕೆಲಸವೆಂದು ಯಾರಿಗೂ ಖಚಿತವಿರಲಿಲ್ಲ. ಸಿಬ್ಬಂದಿ ಸುಳ್ಳು ಬರೆದಿರಲಿಲ್ಲ. ನನ್ನ ಪ್ರಶ್ನೆಗೆ ಆ ವರದಿಯವರೆಗೆ ಕೈಚಾಚುವ ಶಕ್ತಿಯೇ ಇರಲಿಲ್ಲ.

ಆದ್ದರಿಂದ ಮೊದಲು ಒಂದು ಪ್ರಸಂಗವನ್ನು ಆರಿಸಿಕೊಳ್ಳಿ. ಅದರ ಆದಿ ಅಂತ್ಯಗಳು ಕಾಣುವಂತಿರಲಿ, ಅದು ವಾರದಲ್ಲಿ ಹಲವು ಸಲ ನಡೆಯುವಂಥದ್ದಿರಲಿ, ಅದರಲ್ಲಿ ಎರಡು ಮೂರು ವೃತ್ತಿಗಳವರಾದರೂ ಸೇರಿರಲಿ. ಪಾಳಿ ಬದಲಾಗುವಾಗ ನರ್ಸ್‌ಗಳು ರೋಗಿಗಳನ್ನು ಒಪ್ಪಿಸುವುದು, ಶಸ್ತ್ರಚಿಕಿತ್ಸೆಗೆ ರೋಗಿಯನ್ನು ಸಿದ್ಧಗೊಳಿಸಿ ಕಳುಹಿಸುವುದು, ತೀವ್ರ ಅಪೌಷ್ಟಿಕತೆಯ ಮಗುವನ್ನು ಪುನಶ್ಚೇತನ ಕೇಂದ್ರದಿಂದ ಮನೆಗೆ ಕಳುಹಿಸಿ ಅಂಗನವಾಡಿಯವರಿಗೆ ವಹಿಸಿಕೊಡುವುದು, ಇವೆಲ್ಲ ಒಳ್ಳೆಯ ಪ್ರಸಂಗಗಳು. ಆರಿಸಿದ ಮೇಲೆ ದೊಡ್ಡ ಹಾಳೆಯೊಂದರ ಮೇಲೆ ಮೂರು ಬಣ್ಣಗಳಲ್ಲಿ ಮೂರು ಗೆರೆಗಳನ್ನು ಎಳೆಯಿರಿ. ಒಂದು ಗೆರೆ ರೋಗಿಯ ದೇಹ ಸಾಗುವ ದಾರಿ. ಎರಡನೆಯದು ಕೇಸ್ ಶೀಟ್, ಚೀಟಿ, ಫೋನ್ ಕರೆ, ವಾಟ್ಸ್‌ಆ್ಯಪ್ ಸಂದೇಶಗಳಲ್ಲಿ ಮಾಹಿತಿ ಸಾಗುವ ದಾರಿ. ಮೂರನೆಯದು ಹೊಣೆಗಾರಿಕೆ ಒಬ್ಬರಿಂದ ಇನ್ನೊಬ್ಬರಿಗೆ ಸೇರುವ ದಾರಿ. ಈ ಮೂರೂ ಜೊತೆಜೊತೆಯಾಗಿ ಸಾಗುತ್ತವೆ ಎಂದು ನಾವು ಭಾವಿಸಿರುತ್ತೇವೆ. ಎಳೆದು ನೋಡಿದಾಗ ಹಾಗಿರುವುದಿಲ್ಲ. ರೋಗಿ ಬಂದಿರುತ್ತಾರೆ, ರೆಫರ್ ಚೀಟಿ ಅವರ ಗಂಡನ ಅಂಗಿಯ ಕಿಸೆಯಲ್ಲಿರುತ್ತದೆ, ಹೊಣೆ ಡ್ಯೂಟಿ ಡಾಕ್ಟರದ್ದೋ ಸ್ನಾತಕೋತ್ತರ ವಿದ್ಯಾರ್ಥಿಯದ್ದೋ ಎಂಬುದು ಇನ್ನೂ ತೀರ್ಮಾನವಾಗಿರುವುದಿಲ್ಲ. ಗೆರೆಗಳು ಒಂದರಿಂದೊಂದು ದೂರ ಸರಿಯುವ ಆ ಬಿಂದುವೇ ನಿಮ್ಮ ಸಂಶೋಧನೆಯ ಪ್ರಶ್ನೆ.

ತಂಡ ಎಲ್ಲಿಗೆ ಮುಗಿಯುತ್ತದೆ ಎಂಬುದನ್ನೂ ಈ ಹಂತದಲ್ಲಿಯೇ ಬರೆದಿಡಬೇಕು. ನಮ್ಮ ಭಾಗದಲ್ಲಿ ಇದು ಸುಲಭದ ಮಾತಲ್ಲ. ಬೀದರ್ ಕಡೆಯ ರೋಗಿಗಳು ಹೈದರಾಬಾದಿಗೂ ಕಲಬುರಗಿ ಕಡೆಯವರು ಸೊಲ್ಲಾಪುರಕ್ಕೂ ಹೋಗುವುದು ಹಳೆಯ ರೂಢಿ; ಔರಾದ್ ತಾಲ್ಲೂಕಿನ ರೋಗಿಯ ದಾಖಲೆಯಲ್ಲಿ ಮೂರು ರಾಜ್ಯಗಳ ಆಸ್ಪತ್ರೆಗಳ ಹಾಳೆಗಳು ಸೇರಿರುವುದು ಅಚ್ಚರಿಯಲ್ಲ. ಇನ್ನು, ತಂಡವೆಂದರೆ ವರ್ಷಗಟ್ಟಲೆ ಜೊತೆಗಿರುವವರ ಗುಂಪು ಎಂದು ತಿಳಿಯುವುದೂ ತಪ್ಪು. ದೇಶದಲ್ಲಿ ಕೋವಿಡ್‌ನ ಮೊದಲ ಸಾವು 2020ರ ಮಾರ್ಚ್‌ನಲ್ಲಿ ದಾಖಲಾದದ್ದು ಕಲಬುರಗಿಯಲ್ಲಿ. ಅದರ ನಂತರದ ತಿಂಗಳುಗಳಲ್ಲಿ ಎಲ್ಲೆಡೆ ಬೇರೆ ಬೇರೆ ವಿಭಾಗಗಳಿಂದ ಬಂದವರು, ಮುಖಗವಸಿನ ಹಿಂದೆ ಒಬ್ಬರನ್ನೊಬ್ಬರು ಗುರುತಿಸಲೂ ಆಗದೆ, ಒಂದೇ ವಾರ್ಡಿನಲ್ಲಿ ಕೆಲಸ ಮಾಡಿದರು. ಹೀಗೆ ಬೆಳಗಾಗುವುದರಲ್ಲಿ ಕೂಡಿ, ಬೇಗನೆ ಚದುರುವ ತಂಡಗಳ ಅಧ್ಯಯನಕ್ಕೆ ಸ್ಥಿರ ತಂಡಗಳ ಅಳತೆಗೋಲು ಹೊಂದುವುದಿಲ್ಲ.

ಯಾವ ಶಾಸ್ತ್ರ ಏನನ್ನು ಕಾಣುತ್ತದೆ

ಇಲ್ಲಿ ಒಂದು ಶಬ್ದದ ಬಗ್ಗೆ ಎಚ್ಚರಿಕೆ ಹೇಳಬೇಕು. ಹಲವು ಶಾಸ್ತ್ರಗಳು ಸೇರಿ ಮಾಡುವ ಅಧ್ಯಯನಕ್ಕೆ ‘ಅಂತರಶಿಸ್ತೀಯ’ ಎನ್ನುವುದು ವಿಶ್ವವಿದ್ಯಾಲಯದ ಮಾತು. ವಾರ್ಡಿನಲ್ಲಿ ‘ಶಿಸ್ತು’ ಎಂದರೆ ಹೇಳಿದ ಮಾತು ಕೇಳುವುದು, ಹೊತ್ತಿಗೆ ಸರಿಯಾಗಿ ಬರುವುದು. ಸಿಬ್ಬಂದಿಗೆ ಕೊಡುವ ಹಾಳೆಯಲ್ಲಿ ಆ ಪದ ಬಳಸಿದರೆ, ನಿಮ್ಮನ್ನು ತಪಾಸಣೆಗೆ ಬಂದವರೆಂದು ಭಾವಿಸುತ್ತಾರೆ. ‘ಜ್ಞಾನಶಾಖೆ’ ಎಂದು ಬರೆಯುವುದು ಮೇಲು. ಜೊತೆಗೆ, ಜ್ಞಾನಶಾಖೆ ಬೇರೆ, ವೃತ್ತಿ ಬೇರೆ ಎಂಬುದನ್ನೂ ಮನಸ್ಸಿನಲ್ಲಿಡಿ. ವೈದ್ಯರು, ನರ್ಸ್‌ಗಳು, ಫಾರ್ಮಸಿಸ್ಟರು ವೃತ್ತಿಗಳವರು. ಅವರ ಕೂಡು ಕೆಲಸ ಅಂತರವೃತ್ತೀಯ. ಅದನ್ನು ಸಮಾಜಶಾಸ್ತ್ರ, ಮನೋವಿಜ್ಞಾನ, ಸಂಖ್ಯಾಶಾಸ್ತ್ರಗಳು ಸೇರಿ ನೋಡುವುದು ಅಂತರಶಿಸ್ತೀಯ.

ಸಮಾಜಶಾಸ್ತ್ರ ನೋಡುವುದು ಅಧಿಕಾರ ಮತ್ತು ಗಡಿಗಳನ್ನು. ಆಸ್ಪತ್ರೆ ಲಿಖಿತ ನಿಯಮಗಳಿಂದ ನಡೆಯುವಷ್ಟೇ, ದಿನದಿನವೂ ನಡೆಯುವ ಕೊಡುಕೊಳ್ಳುವ ಮಾತುಕತೆಯಿಂದಲೂ ನಡೆಯುತ್ತದೆ ಎಂಬುದನ್ನು ಅನ್ಸೆಲ್ಮ್ ಸ್ಟ್ರಾಸ್ ಮತ್ತು ಸಂಗಡಿಗರು 1963ರಲ್ಲಿಯೇ ತೋರಿಸಿದರು. 1967ರಲ್ಲಿ ಲಿಯೊನಾರ್ಡ್ ಸ್ಟೈನ್ ಎಂಬ ಅಮೆರಿಕದ ಮನೋವೈದ್ಯರು ವೈದ್ಯ ಮತ್ತು ನರ್ಸ್ ನಡುವಿನ ಮಾತಿನ ಆಟವನ್ನು ವಿವರಿಸಿದರು: ನರ್ಸ್ ಸಲಹೆ ಕೊಡಬೇಕು, ಆದರೆ ಕೊಟ್ಟಂತೆ ಕಾಣಬಾರದು, ವೈದ್ಯರು ಸಲಹೆ ಪಡೆಯಬೇಕು, ಆದರೆ ಕೇಳಿದಂತೆ ಕಾಣಬಾರದು. ಕಲಬುರಗಿಯ ಯಾವ ವಾರ್ಡಿನಲ್ಲಿ ನಿಂತರೂ ಇದು ಕಿವಿಗೆ ಬೀಳುತ್ತದೆ. ‘ಸರ್, ಏಳನೇ ಬೆಡ್ಡಿನವರ್ದು ಬಿಪಿ ಮತ್ತೊಮ್ಮೆ ನೋಡ್ತೀರೇನ್ರೀ?’ ಎಂಬ ಮಾತು ವ್ಯಾಕರಣದಲ್ಲಿ ಪ್ರಶ್ನೆ, ಅರ್ಥದಲ್ಲಿ ಎಚ್ಚರಿಕೆ. ಕೇಳುವ ವೈದ್ಯರು ಹೊಸಬರಾಗಿದ್ದರೆ ಅದನ್ನು ಬರಿಯ ಪ್ರಶ್ನೆಯೆಂದೇ ತಿಳಿದು ‘ಆಮೇಲೆ ನೋಡೋಣ’ ಎನ್ನಬಹುದು. 1990ರಲ್ಲಿ ಸ್ಟೈನ್ ಅವರೇ ಸಂಗಡಿಗರೊಡನೆ ಮರಳಿ ಬರೆದು, ನರ್ಸ್‌ಗಳು ಈ ಆಟವನ್ನು ಬಿಡುತ್ತಿದ್ದಾರೆ ಎಂದರು. ನಮ್ಮಲ್ಲಿ ಎಷ್ಟು ಬಿಟ್ಟಿದ್ದಾರೆ, ಸರ್ಕಾರಿ ಮತ್ತು ಖಾಸಗಿ ಆಸ್ಪತ್ರೆಗಳಲ್ಲಿ ಬೇರೆ ಬೇರೆ ರೀತಿಯೇ, ಕಾಯಂ ಮತ್ತು ಗುತ್ತಿಗೆ ನರ್ಸ್‌ಗಳು ಒಂದೇ ಬಗೆಯಲ್ಲಿ ಮಾತನಾಡುತ್ತಾರೆಯೇ ಎಂಬುದು ಒಂದು ಪೂರ್ಣ ಪ್ರಬಂಧಕ್ಕೆ ಸಾಕಾಗುವ ವಿಷಯ.

ಮನೋವಿಜ್ಞಾನ ತಂಡದ ಒಳಗಿನ ನಂಬಿಕೆಯನ್ನು, ಅಂಜಿಕೆಯನ್ನು ನೋಡುತ್ತದೆ. ಆಮಿ ಎಡ್ಮಂಡ್‌ಸನ್ ಅವರು ಆಸ್ಪತ್ರೆಯ ಘಟಕಗಳಲ್ಲಿ ಔಷಧ ಕೊಡುವಾಗಿನ ತಪ್ಪುಗಳನ್ನು ಅಧ್ಯಯನ ಮಾಡಿ 1996ರಲ್ಲಿ ಪ್ರಕಟಿಸಿದ ಲೇಖನ ಈ ಕ್ಷೇತ್ರಕ್ಕೆ ಬರುವ ಪ್ರತಿಯೊಬ್ಬರೂ ತಿಳಿದಿರಬೇಕಾದದ್ದು. ಒಳ್ಳೆಯ ತಂಡಗಳಲ್ಲಿ ತಪ್ಪು ಕಡಿಮೆಯಿರುತ್ತದೆಂಬ ನಿರೀಕ್ಷೆಗೆ ವಿರುದ್ಧವಾಗಿ, ಒಳ್ಳೆಯ ನಾಯಕತ್ವ ಮತ್ತು ಬಾಂಧವ್ಯವಿದ್ದ ಘಟಕಗಳಲ್ಲಿಯೇ ದಾಖಲಾದ ತಪ್ಪುಗಳು ಹೆಚ್ಚಾಗಿದ್ದವು. ಅಲ್ಲಿ ತಪ್ಪು ಹೆಚ್ಚು ನಡೆಯುತ್ತಿತ್ತೆಂದಲ್ಲ, ನಡೆದದ್ದನ್ನು ಹೇಳಿಕೊಳ್ಳಲು ಜನ ಹಿಂಜರಿಯುತ್ತಿರಲಿಲ್ಲ ಎಂಬ ವಿವರಣೆ ಆಮೇಲೆ ಹೊಳೆಯಿತು. 1999ರ ಅವರ ಮತ್ತೊಂದು ಲೇಖನ ಇದೇ ವಿಚಾರವನ್ನು ‘ಮಾನಸಿಕ ಸುರಕ್ಷತೆ’ ಎಂಬ ಹೆಸರಿನಲ್ಲಿ ಬೆಳೆಸಿತು. ತಪ್ಪುಗಳ ರಿಜಿಸ್ಟರಿನಲ್ಲಿ ಒಂದೂ ನಮೂದಿಲ್ಲದ ವಾರ್ಡನ್ನು ಕಂಡಾಗ ಸಂತೋಷಪಡುವ ಮೊದಲು ಈ ಸಂಗತಿಯನ್ನು ನೆನೆಯಬೇಕು.

ಮೂರನೆಯ ಕಣ್ಣು, ಅಂದರೆ ಮನುಷ್ಯರು ಮತ್ತು ಅವರ ಸುತ್ತಲಿನ ಸಲಕರಣೆಗಳು ಕೂಡಿ ಕೆಲಸ ಮಾಡುವ ಬಗೆಯನ್ನು ನೋಡುವ ಶಾಖೆ, ವಿಮಾನಯಾನದಿಂದ ಬಂದದ್ದು. 1977ರಲ್ಲಿ ಟೆನೆರಿಫ್ ದ್ವೀಪದ ರನ್‌ವೇಯಲ್ಲಿ ಎರಡು ವಿಮಾನಗಳು ಡಿಕ್ಕಿಯಾಗಿ 583 ಜನ ಸತ್ತರು. ಹಿರಿಯ ಕ್ಯಾಪ್ಟನ್ ವಿಮಾನವನ್ನು ಓಡಿಸಲು ಆರಂಭಿಸಿದಾಗ ಜೊತೆಯಲ್ಲಿದ್ದವರಿಗೆ ಸಂಶಯವಿದ್ದರೂ ಅದು ಗಟ್ಟಿಯಾದ ಮಾತಾಗಲಿಲ್ಲ. ಇಂಥ ಅಪಘಾತಗಳ ಪರಿಶೀಲನೆಯಿಂದ ವಿಮಾನ ಸಿಬ್ಬಂದಿಗೆ ಕೂಡಿ ಕೆಲಸ ಮಾಡುವ ತರಬೇತಿ ಹುಟ್ಟಿ, ಮುಂದೆ ಅರಿವಳಿಕೆ ತಜ್ಞರ ಮೂಲಕ ಆಸ್ಪತ್ರೆಗಳಿಗೆ ಬಂದಿತು. ಪರಿಸ್ಥಿತಿ, ಹಿನ್ನೆಲೆ, ನನ್ನ ಅಂದಾಜು, ನನ್ನ ಕೋರಿಕೆ ಎಂಬ ನಾಲ್ಕು ಮೆಟ್ಟಿಲುಗಳಲ್ಲಿ ರೋಗಿಯ ವಿಷಯ ಹೇಳುವ ಕ್ರಮದ ಮೂಲ ಅಮೆರಿಕದ ಜಲಾಂತರ್ಗಾಮಿ ನೌಕೆಗಳಲ್ಲಿದೆ. ಯಂತ್ರ, ಕೊಠಡಿ, ಬೆಳಕು, ಸದ್ದು, ಫಾರ್ಮಿನ ವಿನ್ಯಾಸ ಇವೂ ತಂಡದ ಭಾಗವೇ ಎಂದು ಈ ಶಾಖೆ ಹೇಳುತ್ತದೆ. ಎಡ್ವಿನ್ ಹಚಿನ್ಸ್ ಅವರು ಹಡಗಿನ ದಾರಿ ನಿರ್ಧಾರವನ್ನು ಗಮನಿಸಿ 1995ರಲ್ಲಿ ಮಂಡಿಸಿದ ವಾದವೂ ಇದಕ್ಕೆ ಹತ್ತಿರದ್ದು: ತಿಳಿವಳಿಕೆ ಒಬ್ಬರ ತಲೆಯಲ್ಲಿ ಇರುವುದಿಲ್ಲ, ಹಲವು ಜನರಲ್ಲಿ ಮತ್ತು ಅವರ ಉಪಕರಣಗಳಲ್ಲಿ ಹಂಚಿಕೊಂಡಿರುತ್ತದೆ. ವಾರ್ಡಿನ ಗೋಡೆಯ ಬಿಳಿ ಹಲಗೆಯನ್ನು ಈ ದೃಷ್ಟಿಯಿಂದ ನೋಡಿ. ಅದನ್ನು ಯಾರು ಬರೆಯುತ್ತಾರೆ, ಯಾರು ಓದುತ್ತಾರೆ, ಯಾರು ಅಳಿಸುತ್ತಾರೆ ಎಂಬುದರಲ್ಲೇ ಅರ್ಧ ಅಧ್ಯಯನವಿದೆ.

ಮಾತನ್ನೇ ಅಳೆಯುವವರೂ ಇದ್ದಾರೆ. ಲೋರೆಲೈ ಲಿಂಗಾರ್ಡ್ ಮತ್ತು ಸಂಗಡಿಗರು ಕೆನಡಾದಲ್ಲಿ 48 ಶಸ್ತ್ರಚಿಕಿತ್ಸೆಗಳ ಸಮಯದಲ್ಲಿ ಕೊಠಡಿಯೊಳಗೆ ನಿಂತು 421 ಮಾತುಕತೆಗಳನ್ನು ಬರೆದುಕೊಂಡು 2004ರಲ್ಲಿ ಪ್ರಕಟಿಸಿದರು. ಅವುಗಳಲ್ಲಿ 129, ಅಂದರೆ ಸುಮಾರು ಶೇ. 30, ಏನಾದರೊಂದು ರೀತಿಯಲ್ಲಿ ವಿಫಲವಾಗಿದ್ದವು. ವಿಫಲ ಎಂದರೆ ಏನೆಂಬುದನ್ನು ಅವರು ನಾಲ್ಕು ಬಗೆಯಾಗಿ ವಿಂಗಡಿಸಿಕೊಂಡಿದ್ದರು: ಮಾತು ಹೊತ್ತು ಮೀರಿ ಬಂದದ್ದು, ವಿಷಯ ಅಪೂರ್ಣವಾಗಿದ್ದದ್ದು ಅಥವಾ ತಪ್ಪಾಗಿದ್ದದ್ದು, ಹೇಳಬೇಕಾದವರಿಗೆ ಹೇಳದೆ ಹೋದದ್ದು, ಮಾತಿನ ಉದ್ದೇಶ ಈಡೇರದೆ ಉಳಿದದ್ದು. ಈ ವಿಂಗಡಣೆಯನ್ನು ನಮ್ಮ ವಾರ್ಡುಗಳಲ್ಲಿ ಹಾಗೆಯೇ ಬಳಸಬಹುದು. ಕಲಿಯುವವರಿಗೆ ಇದಕ್ಕಿಂತ ಒಳ್ಳೆಯ ಆರಂಭ ನನಗೆ ಕಂಡಿಲ್ಲ.

ಶಿಕ್ಷಣದ ಕಡೆಯಿಂದ ನೋಡುವವರಿಗೆ ವಿಶ್ವ ಆರೋಗ್ಯ ಸಂಸ್ಥೆಯ 2010ರ ಚೌಕಟ್ಟು ಆಧಾರ. ಬೇರೆ ಬೇರೆ ವೃತ್ತಿಗಳ ವಿದ್ಯಾರ್ಥಿಗಳು ಒಬ್ಬರೊಡನೊಬ್ಬರು, ಒಬ್ಬರಿಂದೊಬ್ಬರು, ಒಬ್ಬರ ಕುರಿತು ಒಬ್ಬರು ಕಲಿಯಬೇಕು ಎಂಬುದು ಅದರ ತಿರುಳು. ಭಾರತದಲ್ಲಿ 2019ರಿಂದ ಜಾರಿಗೆ ಬಂದ ಎಂಬಿಬಿಎಸ್ ಪಠ್ಯಕ್ರಮವೂ ವೈದ್ಯ ಪದವೀಧರರ ಐದು ಪಾತ್ರಗಳಲ್ಲಿ ಆರೋಗ್ಯ ತಂಡದ ನಾಯಕ ಮತ್ತು ಸದಸ್ಯ ಎಂಬುದನ್ನು ಸೇರಿಸಿದೆ. ಆದರೆ ಒಂದೇ ಆವರಣದ ವೈದ್ಯಕೀಯ ಕಾಲೇಜು ಮತ್ತು ನರ್ಸಿಂಗ್ ಕಾಲೇಜುಗಳ ವಿದ್ಯಾರ್ಥಿಗಳು ವಾಸ್ತವದಲ್ಲಿ ಎಷ್ಟು ಗಂಟೆ ಒಂದೇ ಕೊಠಡಿಯಲ್ಲಿ ಕೂತು ಕಲಿಯುತ್ತಾರೆ ಎಂಬುದನ್ನು ವೇಳಾಪಟ್ಟಿ ಹಿಡಿದು ಎಣಿಸಿ ನೋಡುವುದು ಒಳ್ಳೆಯ ಕಿರು ಅಧ್ಯಯನವಾದೀತು.

ಅಧ್ಯಯನ ಮಾಡುವವರೂ ಒಂದು ತಂಡವೇ

ಮೂರು ಶಾಖೆಗಳವರು ಸಾಕು. ಹೆಚ್ಚಾದರೆ ಸಭೆಗಳಲ್ಲೇ ಕಾಲ ಕಳೆಯುತ್ತದೆ. ಒಬ್ಬರು ಆ ವಾರ್ಡಿನ ಕೆಲಸ ಬಲ್ಲವರಿರಬೇಕು, ಒಬ್ಬರು ಕೂತು ನೋಡಿ ಬರೆಯುವ ಅಭ್ಯಾಸವಿರುವ ಸಮಾಜವಿಜ್ಞಾನದವರಿರಬೇಕು, ಒಬ್ಬರು ಸಂಖ್ಯೆಗಳನ್ನು ಬಲ್ಲವರಿರಬೇಕು. ನರ್ಸಿಂಗ್ ಕಡೆಯವರನ್ನು ಮಾಹಿತಿ ಸಂಗ್ರಹಕ್ಕೆ ಮಾತ್ರ ಕರೆದು ಲೇಖಕರ ಪಟ್ಟಿಯಿಂದ ಕೈಬಿಡುವುದು ನಮ್ಮಲ್ಲಿ ಹೆಚ್ಚಾಗಿದೆ. ತಂಡದ ಕೆಲಸವನ್ನು ಅಧ್ಯಯನ ಮಾಡುವವರೇ ಹೀಗೆ ಮಾಡುವುದು ನನಗೆ ನೋವಿನ ಸಂಗತಿ. ಮೊದಲ ಸಭೆಯಲ್ಲೇ ಶಬ್ದಗಳ ಪಟ್ಟಿಯೊಂದನ್ನು ಮಾಡಿಕೊಳ್ಳಿ. ‘ಫಲಿತಾಂಶ’ ಎಂದರೆ ವೈದ್ಯರಿಗೆ ರೋಗಿ ಗುಣವಾದದ್ದು, ಮನೋವಿಜ್ಞಾನಿಗೆ ಅಂಕ, ಸಮಾಜಶಾಸ್ತ್ರಜ್ಞರಿಗೆ ಬದಲಾದ ಸಂಬಂಧ. ಒಪ್ಪಂದವಾಗದ ಶಬ್ದಗಳಿದ್ದರೆ ಒಪ್ಪಂದವಾಗಿಲ್ಲ ಎಂದೇ ಬರೆದಿಡಿ. ವರದಿ ಬರೆಯುವಾಗ ಆ ಟಿಪ್ಪಣಿ ಬಹಳ ಉಪಯೋಗಕ್ಕೆ ಬರುತ್ತದೆ.

ಅನುಮತಿ ಮತ್ತು ಅಂಜಿಕೆ

ಸಂಸ್ಥೆಯ ನೈತಿಕ ಸಮಿತಿಯ ಒಪ್ಪಿಗೆಯಿಲ್ಲದೆ ವಾರ್ಡಿನೊಳಗೆ ಕಾಲಿಡಬೇಡಿ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ಮಾರ್ಗಸೂಚಿ, ಮೇಲಧಿಕಾರಿಯ ಕೈಕೆಳಗಿರುವ ನೌಕರರನ್ನೂ ವಿದ್ಯಾರ್ಥಿಗಳನ್ನೂ ವಿಶೇಷ ರಕ್ಷಣೆ ಬೇಕಾದವರೆಂದು ಗುರುತಿಸುತ್ತದೆ. ರೋಗಿಗಳ ಒಪ್ಪಿಗೆಯ ಬಗ್ಗೆ ಎಲ್ಲರೂ ಯೋಚಿಸುತ್ತಾರೆ. ಇಲ್ಲಿ ಅಧ್ಯಯನಕ್ಕೆ ಒಳಗಾಗುವವರು ಸಿಬ್ಬಂದಿ ಎಂಬುದು ಮರೆತುಹೋಗುತ್ತದೆ. ಅಧೀಕ್ಷಕರು ಸಹಿ ಮಾಡಿದರೆಂದ ಮಾತ್ರಕ್ಕೆ ಗುತ್ತಿಗೆಯ ಸ್ಟಾಫ್ ನರ್ಸ್ ಒಪ್ಪಿದಂತಾಗುವುದಿಲ್ಲ, ಮತ್ತು ಒಪ್ಪದಿದ್ದರೆ ಮುಂದಿನ ನವೀಕರಣಕ್ಕೆ ತೊಂದರೆಯಾದೀತೆಂಬ ಅವರ ಹೆದರಿಕೆ ಕಾಲ್ಪನಿಕವಲ್ಲ. ಹಾಗಾಗಿ ಒಪ್ಪಿಗೆಯನ್ನು ಮೇಲಧಿಕಾರಿಯ ಕೊಠಡಿಯಲ್ಲಿ ಕೇಳಬೇಡಿ, ಯಾರು ಒಪ್ಪಿದರು ಯಾರು ಒಪ್ಪಲಿಲ್ಲ ಎಂಬ ಪಟ್ಟಿಯನ್ನು ಆಡಳಿತಕ್ಕೆ ಕೊಡಬೇಡಿ, ಕಚ್ಚಾ ಟಿಪ್ಪಣಿಗಳನ್ನು ಯಾರಿಗೂ ತೋರಿಸುವುದಿಲ್ಲವೆಂಬ ಷರತ್ತನ್ನು ಅನುಮತಿ ಪತ್ರದಲ್ಲೇ ಬರೆಸಿಕೊಳ್ಳಿ. ಒಂದೇ ಒಬ್ಬ ಫಾರ್ಮಸಿಸ್ಟ್ ಇರುವ ಕೇಂದ್ರದಲ್ಲಿ ‘ಫಾರ್ಮಸಿಸ್ಟ್ ಹೇಳಿದರು’ ಎಂದು ಬರೆದರೆ ಹೆಸರು ಮರೆಮಾಡಿದ್ದು ವ್ಯರ್ಥ. ಕಣ್ಣೆದುರು ರೋಗಿಗೆ ಅಪಾಯ ಕಂಡರೆ ಏನು ಮಾಡುತ್ತೀರಿ ಎಂಬುದನ್ನೂ ಮೊದಲೇ ತೀರ್ಮಾನಿಸಿ ಬರೆದಿಡಿ: ಟಿಪ್ಪಣಿ ಪುಸ್ತಕ ಮುಚ್ಚಿ, ಹತ್ತಿರವಿರುವ ಸಿಬ್ಬಂದಿಗೆ ಹೇಳಬೇಕು. ಇದರಲ್ಲಿ ಎರಡನೆಯ ಮಾತಿಲ್ಲ.

ವಾರ್ಡಿನಲ್ಲಿ ಕೂತು ನೋಡುವುದು

ಸರ್ಕಾರಿ ಆಸ್ಪತ್ರೆಗಳಲ್ಲಿ ನರ್ಸ್‌ಗಳ ಪಾಳಿ ಸಾಮಾನ್ಯವಾಗಿ ಬೆಳಗಿನ 8, ಮಧ್ಯಾಹ್ನದ 2 ಮತ್ತು ರಾತ್ರಿಯ 8ಕ್ಕೆ ಬದಲಾಗುತ್ತದೆ. ಆ ಹೊತ್ತಿಗೆ ಅರ್ಧ ಗಂಟೆ ಮೊದಲೇ ಹೋಗಿ, ಅರ್ಧ ಗಂಟೆ ತಡವಾಗಿ ಅಲ್ಲಿಂದ ಹೊರಡಿ. ಒಪ್ಪಿಸುವ ಮಾತು ಮುಗಿದ ಮೇಲೆ, ಬ್ಯಾಗು ಹೆಗಲಿಗೇರಿಸಿಕೊಂಡು ಹೊರಡುವಾಗ ‘ಅಂದ್ಹಂಗ, ಆ ಮೂಲಿ ಬೆಡ್ಡಿನವರು ಬೆಳಿಗ್ಗಿಂದ ಏನೂ ಉಂಡಿಲ್ಲ’ ಎಂದು ಹೇಳುವ ಒಂದು ಮಾತಿನಲ್ಲಿ ರಿಜಿಸ್ಟರಿನ ಪುಟಕ್ಕಿಂತ ಹೆಚ್ಚಿನ ಮಾಹಿತಿ ಇರುತ್ತದೆ. ಮೊದಲ ವಾರದ ಟಿಪ್ಪಣಿಗಳನ್ನು ವಿಶ್ಲೇಷಣೆಗೆ ತೆಗೆದುಕೊಳ್ಳಬೇಡಿ. ನೋಡುವವರಿದ್ದಾರೆಂಬ ಕಾರಣಕ್ಕೇ ನಡವಳಿಕೆ ಬದಲಾಗುತ್ತದೆ, ಮತ್ತು ಕೆಲಸದ ಹೊರೆ ಇರುವವರು ಬಹಳ ದಿನ ನಟಿಸಲಾರರು. ಕೂರುವ ಜಾಗವನ್ನು ನರ್ಸಿಂಗ್ ಸೂಪರಿಂಟೆಂಡೆಂಟರನ್ನು ಕೇಳಿ ಆರಿಸಿಕೊಳ್ಳಿ, ದಾರಿಗೆ ಅಡ್ಡವಾಗಬೇಡಿ, ಮೊಬೈಲ್ ಹೊರಗೆ ತೆಗೆಯಬೇಡಿ.

ಟಿಪ್ಪಣಿಯಲ್ಲಿ ಯಾರು ಮಾತನಾಡಿದರು ಎಂಬುದರ ಜೊತೆಗೆ ಯಾರು ಅಲ್ಲಿದ್ದೂ ಮಾತನಾಡಲಿಲ್ಲ ಎಂಬುದನ್ನೂ ಬರೆಯಿರಿ. ಯಾರು ನಿಂತಿದ್ದರು, ಯಾರು ಕೂತಿದ್ದರು, ಕೇಸ್ ಶೀಟ್ ಯಾರ ಕೈಯಲ್ಲಿತ್ತು, ಒಬ್ಬರನ್ನೊಬ್ಬರು ಹೇಗೆ ಕರೆದರು ಎಂಬುದೂ ದತ್ತಾಂಶವೇ. ‘ಸರ್’, ‘ಮೇಡಂ’, ‘ಸಿಸ್ಟರ್’, ‘ಬ್ರದರ್’, ಆಯಾಗಳನ್ನು ಕರೆಯುವ ‘ಅಕ್ಕಾ’, ‘ಬಾಯಿ’, ‘ಅಮ್ಮಾ’, ಇವುಗಳಲ್ಲಿ ಯಾವುದಕ್ಕೆ ‘ರೀ’ ಸೇರುತ್ತದೆ, ಯಾವುದಕ್ಕೆ ಸೇರುವುದಿಲ್ಲ ಎಂದು ಎಣಿಸುತ್ತ ಹೋದರೆ ಸಂಘಟನೆಯ ಅಲಿಖಿತ ನಕ್ಷೆಯೇ ಮೂಡುತ್ತದೆ. ಒಂದೇ ವಾರ್ಡಿನಲ್ಲಿ ಕನ್ನಡ, ದಖನಿ, ಮರಾಠಿ, ತೆಲುಗು, ಲಂಬಾಣಿ ಮಾತುಗಳು ಕೇಳಿಬರುತ್ತವೆ. ರೋಗಿಯ ಮಾತನ್ನು ವೈದ್ಯರಿಗೆ ತಿಳಿಯಹೇಳುವ ಕೆಲಸವನ್ನು ಅನೇಕ ಸಲ ಗ್ರೂಪ್ ಡಿ ನೌಕರರೇ ಮಾಡುತ್ತಾರೆ. ಹುದ್ದೆಗಳ ಪಟ್ಟಿಯಲ್ಲಿ ಆ ಕೆಲಸಕ್ಕೆ ಹೆಸರಿಲ್ಲ. ಆರೋಗ್ಯ ತಂಡದ ಕುರಿತ ಬಹುಪಾಲು ಪ್ರಶ್ನಾವಳಿಗಳು ಅವರನ್ನು ತಂಡದವರೆಂದು ಎಣಿಸುವುದೂ ಇಲ್ಲ. ನಿಮ್ಮ ಅಧ್ಯಯನ ಆ ತಪ್ಪು ಮಾಡದಿರಲಿ.

ಋತುವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ. ಏಪ್ರಿಲ್, ಮೇ ತಿಂಗಳ ಬಿಸಿಲಿಗೆ ನಮ್ಮ ಜಿಲ್ಲೆಗಳಲ್ಲಿ ಸರ್ಕಾರಿ ಕಚೇರಿಗಳ ವೇಳೆಯೇ ಬದಲಾಗುತ್ತದೆ. ವಾರ್ಡು ಮುಚ್ಚುವುದಿಲ್ಲ, ಆದರೆ ವಾರ್ಡಿಗೆ ಸಹಿ, ಹಣ, ಸಾಮಗ್ರಿ ಒದಗಿಸುವ ಕಚೇರಿ ಮಧ್ಯಾಹ್ನಕ್ಕೇ ಮುಚ್ಚಿರುತ್ತದೆ. ಬೇಸಿಗೆಯಲ್ಲಿ ನೋಡಿದ್ದನ್ನು ಕಾರ್ತಿಕದಲ್ಲಿ ನೋಡಿದ್ದರ ಜೊತೆ ಹಾಗೆಯೇ ಹೋಲಿಸಬಾರದು.

ಇಬ್ಬರು ವೀಕ್ಷಕರಿದ್ದರೆ ಒಳ್ಳೆಯದು. ಒಂದೇ ಸಂದರ್ಭವನ್ನು ಇಬ್ಬರೂ ಬೇರೆ ಬೇರೆಯಾಗಿ ಗುರುತಿಸಿ, ಆಕಸ್ಮಿಕವಾಗಿ ಹೊಂದಬಹುದಾದಷ್ಟನ್ನು ಕಳೆದು, ಉಳಿದ ಒಮ್ಮತವನ್ನು ಲೆಕ್ಕ ಹಾಕುವ ವಿಧಾನವನ್ನು ಜೇಕಬ್ ಕೋಹೆನ್ 1960ರಲ್ಲಿ ಕೊಟ್ಟರು; ಅದಕ್ಕೆ ಕಪ್ಪಾ ಎನ್ನುತ್ತಾರೆ. ಅದು 0.6ಕ್ಕಿಂತ ಮೇಲಿದ್ದರೆ ಸಾಮಾನ್ಯವಾಗಿ ಒಪ್ಪಿತ. ಒಬ್ಬರು ನರ್ಸಿಂಗ್‌ನವರು, ಒಬ್ಬರು ಸಮಾಜಶಾಸ್ತ್ರದವರಾಗಿದ್ದು ಕಪ್ಪಾ ಕಡಿಮೆ ಬಂದರೆ ಕೂಡಲೇ ತರಬೇತಿ ಕೊಟ್ಟು ಸರಿಮಾಡಲು ಹೋಗಬೇಡಿ. ಎಲ್ಲಿ ಭಿನ್ನರಾದಿರಿ ಎಂಬುದನ್ನು ಮೊದಲು ನೋಡಿ. ನರ್ಸ್‌ಗೆ ಮಾಮೂಲಿ ಎನಿಸಿದ ಮೌನ ಹೊರಗಿನವರಿಗೆ ವಿಚಿತ್ರವೆನಿಸಿದ್ದರೆ ಅಲ್ಲಿಯೇ ಶೋಧವಿದೆ.

ಪ್ರಶ್ನಾವಳಿಯ ಕನ್ನಡ

ಪ್ರಶ್ನಾವಳಿ ಬೇಡವೆಂದು ನಾನು ಹೇಳುತ್ತಿಲ್ಲ. ಅದು ಎರಡನೆಯದಾಗಿ ಬರಬೇಕು. ಇಂಗ್ಲಿಷಿನ ಸಿದ್ಧ ಅಳತೆಗಳನ್ನು ತರುವಾಗ ಒಬ್ಬರು ಕನ್ನಡಕ್ಕೆ ತಂದದ್ದನ್ನು ಮೂಲ ನೋಡದ ಇನ್ನೊಬ್ಬರಿಂದ ಇಂಗ್ಲಿಷಿಗೆ ಮರಳಿಸಿ ಹೋಲಿಸುವುದು ವಾಡಿಕೆ. ಆದರೆ ಈ ಪರೀಕ್ಷೆಯಲ್ಲಿ ತೇರ್ಗಡೆಯಾದ ವಾಕ್ಯವೂ ಸತ್ತ ವಾಕ್ಯವಾಗಿರಬಹುದು. ‘ಈ ತಂಡದಲ್ಲಿ ನೀವು ಮಾಡಿದ ತಪ್ಪನ್ನು ನಿಮ್ಮ ವಿರುದ್ಧ ಹಿಡಿಯಲಾಗುತ್ತದೆ’ ಎಂದು ಕೇಳಿದರೆ ಸಿಬ್ಬಂದಿ ಎರಡು ಸಲ ಓದಿ ನಡುವಿನ ಮನೆಗೆ ಗುರುತು ಹಾಕುತ್ತಾರೆ. ‘ಇಲ್ಲಿ ಒಮ್ಮೆ ತಪ್ಪಾದರೆ ಅದನ್ನೇ ಎತ್ತಿ ಎತ್ತಿ ಆಡುತ್ತಾರೆ’ ಎಂದು ಕೇಳಿ ನೋಡಿ. ಹಾಗೆಯೇ ‘ಮಾನಸಿಕ ಸುರಕ್ಷತೆ’ ಎಂಬುದು ಕಿವಿಗೆ ಮನೋರೋಗದ ವಿಭಾಗದಂತೆ ಕೇಳಿಸುತ್ತದೆ. ‘ಅಂಜದೆ ಮಾತನಾಡುವ ಅವಕಾಶ’ ಎಂದರೆ ಆಯಾಗಳಿಗೂ ತಿಳಿಯುತ್ತದೆ. ಹಂಚುವ ಮೊದಲು ಐದಾರು ಜನರಿಗೆ ಓದಿಹೇಳಿ, ಏನು ತಿಳಿಯಿತೆಂದು ಅವರ ಮಾತಿನಲ್ಲೇ ಹೇಳಿಸಿ.

ಲೆಕ್ಕ ಹಾಕುವಾಗ ಎರಡು ಎಡವಟ್ಟುಗಳಿವೆ. ಮೊದಲನೆಯದು, ಎಲ್ಲ ವೃತ್ತಿಗಳ ಸರಾಸರಿ ತೆಗೆಯುವುದು. ಅಮೆರಿಕದ ಟೆಕ್ಸಾಸಿನ ತೀವ್ರ ನಿಗಾ ಘಟಕಗಳಲ್ಲಿ ನಡೆದು 2003ರಲ್ಲಿ ಪ್ರಕಟವಾದ ಸಮೀಕ್ಷೆಯೊಂದರಲ್ಲಿ, ನರ್ಸ್‌ಗಳೊಂದಿಗಿನ ಸಹಕಾರ ಚೆನ್ನಾಗಿದೆಯೆಂದ ವೈದ್ಯರು ಶೇ. 73, ವೈದ್ಯರೊಂದಿಗಿನ ಸಹಕಾರ ಚೆನ್ನಾಗಿದೆಯೆಂದ ನರ್ಸ್‌ಗಳು ಶೇ. 33. ಇವೆರಡನ್ನೂ ಕೂಡಿಸಿ ಸರಾಸರಿ ತೆಗೆದಿದ್ದರೆ ಬರುವ ಸಂಖ್ಯೆ ಯಾರ ಅನುಭವವೂ ಆಗುತ್ತಿರಲಿಲ್ಲ. ಎರಡನೆಯದು ಮಾದರಿಯ ಗಾತ್ರದ್ದು. ಮೂರು ವಾರ್ಡುಗಳಿಂದ ಹತ್ತು ಹತ್ತು ಜನರನ್ನು ಕೇಳಿದರೆ ನಿಮ್ಮ ಬಳಿ ಮೂವತ್ತು ವ್ಯಕ್ತಿಗಳಿದ್ದಾರೆ, ತಂಡಗಳಿರುವುದು ಮೂರೇ. ಒಂದೇ ವಾರ್ಡಿನವರು ಒಂದೇ ರೀತಿ ಯೋಚಿಸುವುದರಿಂದ ಸಾಮಾನ್ಯ ಪರೀಕ್ಷೆಗಳು ಇಲ್ಲದ ವ್ಯತ್ಯಾಸವನ್ನು ಇದೆಯೆಂದು ತೋರಿಸಿಬಿಡುತ್ತವೆ. ವ್ಯಕ್ತಿ ಮತ್ತು ವಾರ್ಡು ಎಂಬ ಎರಡು ಹಂತಗಳನ್ನೂ ಬೇರೆ ಬೇರೆಯಾಗಿ ಲೆಕ್ಕಕ್ಕೆ ತೆಗೆದುಕೊಳ್ಳುವ ವಿಶ್ಲೇಷಣೆ ಬಲ್ಲ ಸಂಖ್ಯಾಶಾಸ್ತ್ರಜ್ಞರನ್ನು ಮಾಹಿತಿ ಸಂಗ್ರಹಿಸುವ ಮೊದಲೇ ಕಾಣಿರಿ.

ರೋಗಿಗೆ ಒಳಿತಾಯಿತೇ ಎಂಬ ಪ್ರಶ್ನೆ

ಕಟ್ಟಡ ಮತ್ತು ಸಿಬ್ಬಂದಿ, ಕೆಲಸ ನಡೆಯುವ ಕ್ರಮ, ರೋಗಿಯ ಮೇಲಾದ ಪರಿಣಾಮ ಎಂಬ, ಆರೋಗ್ಯ ಸೇವೆಯ ಗುಣಮಟ್ಟದ ಮೂರು ಮಗ್ಗುಲುಗಳನ್ನು ಅವೆಡಿಸ್ ಡೊನಬೇಡಿಯನ್ 1966ರಲ್ಲಿ ಬೇರ್ಪಡಿಸಿದರು. ತಂಡದ ಕೆಲಸ ನಡುವಿನದ್ದು. ಅದರಿಂದ ನೇರವಾಗಿ ಮೂರನೆಯದಕ್ಕೆ ಜಿಗಿಯುವ ಆಸೆ ಎಲ್ಲರಿಗೂ ಇರುತ್ತದೆ, ಆ ಆಸೆಯನ್ನು ಮೂರು ಅಧ್ಯಯನಗಳು ಹದಕ್ಕೆ ತರುತ್ತವೆ. ವಿಶ್ವ ಆರೋಗ್ಯ ಸಂಸ್ಥೆಯ ಶಸ್ತ್ರಚಿಕಿತ್ಸಾ ಸುರಕ್ಷತಾ ಪಟ್ಟಿಯನ್ನು (ತಂಡದವರು ಒಂದೊಂದೇ ಅಂಶವನ್ನು ಖಚಿತಪಡಿಸಿಕೊಂಡು ಗುರುತು ಹಾಕುವ ಚೆಕ್‌ಲಿಸ್ಟ್) ದೆಹಲಿಯೂ ಸೇರಿದಂತೆ ಎಂಟು ನಗರಗಳ ಆಸ್ಪತ್ರೆಗಳಲ್ಲಿ ಪ್ರಯೋಗಿಸಿದಾಗ ಸಾವಿನ ಪ್ರಮಾಣ ಶೇ. 1.5ರಿಂದ 0.8ಕ್ಕೆ ಇಳಿಯಿತೆಂದು 2009ರಲ್ಲಿ ವರದಿಯಾಯಿತು. ಅದೇ ಬಗೆಯ ಪಟ್ಟಿಗಳನ್ನು ಕೆನಡಾದ ಒಂಟಾರಿಯೊ ಪ್ರಾಂತ್ಯ ಎಲ್ಲ ಆಸ್ಪತ್ರೆಗಳಿಗೂ ಕಡ್ಡಾಯ ಮಾಡಿದಾಗ 101 ಆಸ್ಪತ್ರೆಗಳಲ್ಲಿ ಗಮನಾರ್ಹ ಇಳಿಕೆ ಕಾಣಲಿಲ್ಲವೆಂದು 2014ರಲ್ಲಿ ವರದಿಯಾಯಿತು. ಉತ್ತರ ಪ್ರದೇಶದ 120 ಹೆರಿಗೆ ಕೇಂದ್ರಗಳಲ್ಲಿ ಒಂದೂವರೆ ಲಕ್ಷಕ್ಕೂ ಹೆಚ್ಚು ತಾಯಂದಿರನ್ನು ಒಳಗೊಂಡ, 2017ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಹೆರಿಗೆ ಸುರಕ್ಷತಾ ಪಟ್ಟಿ ಮತ್ತು ಸಿಬ್ಬಂದಿಗೆ ನಿರಂತರ ಮಾರ್ಗದರ್ಶನ ಕೊಟ್ಟಾಗ ಸರಿಯಾದ ಕ್ರಮಗಳ ಪಾಲನೆ ಸ್ಪಷ್ಟವಾಗಿ ಹೆಚ್ಚಿತು. ಆದರೆ ತಾಯಿ ಮತ್ತು ಶಿಶುಗಳ ಸಾವು ಕಡಿಮೆಯಾಗಲಿಲ್ಲ.

ಪಟ್ಟಿಯಲ್ಲಿ ಗುರುತು ಬೀಳುವುದು ಬೇರೆ, ಗುರುತು ಹಾಕುವಾಗ ಕೊಠಡಿಯಲ್ಲಿದ್ದವರು ಒಬ್ಬರ ಮಾತನ್ನೊಬ್ಬರು ಕೇಳಿಸಿಕೊಳ್ಳುವುದು ಬೇರೆ, ಕೇಳಿಸಿಕೊಂಡ ಮೇಲೆ ಮಾಡಬೇಕಾದದ್ದಕ್ಕೆ ರಕ್ತವೋ ತಜ್ಞರೋ ವಾಹನವೋ ಸಿಗುವುದು ಇನ್ನೂ ಬೇರೆ. ಮೊದಲನೆಯದನ್ನು ದಾಖಲೆಯಿಂದ, ಎರಡನೆಯದನ್ನು ಕೂತು ನೋಡುವುದರಿಂದ, ಮೂರನೆಯದನ್ನು ಆರೋಗ್ಯ ವ್ಯವಸ್ಥೆಯ ಅಧ್ಯಯನದಿಂದ ತಿಳಿಯಬೇಕು. ಸಣ್ಣ ಪ್ರಬಂಧದಲ್ಲಿ ಸಾವಿನ ಪ್ರಮಾಣವನ್ನು ಅಳೆಯಲು ಹೋಗಬೇಡಿ. ರೆಫರ್ ಆದ ತಾಯಿ ಬಾಗಿಲಿಗೆ ಬಂದ ಹೊತ್ತಿನಿಂದ ಮೊದಲ ಬಾಟಲಿ ರಕ್ತ ಸಿಗುವವರೆಗಿನ ನಿಮಿಷಗಳು, ಮರಳಿ ಕೇಳಬೇಕಾಗಿ ಬಂದ ಪ್ರಶ್ನೆಗಳ ಸಂಖ್ಯೆ, ಮನೆಗೆ ಹೋದ ಮೇಲೆ ಉಪಕೇಂದ್ರಕ್ಕೆ ಸುದ್ದಿ ತಲುಪಿತೇ ಇಲ್ಲವೇ ಎಂಬುದು, ಇಂಥವನ್ನು ಅಳೆಯಿರಿ.

ಕಂಡದ್ದನ್ನು ಒಂದೆಡೆ ಇಡುವುದು, ಕೊಟ್ಟವರಿಗೆ ಮರಳಿಸುವುದು

ಮಾಹಿತಿ ಕೈಸೇರಿದ ಮೇಲೆ ಪ್ರಸಂಗದ ಒಂದೊಂದು ದಾಟುವ ಜಾಗಕ್ಕೂ ಒಂದೊಂದು ಸಾಲು ಹಾಕಿ. ಆ ಸಾಲಿನಲ್ಲಿ ಕೂತು ನೋಡಿದ್ದು, ಸಂದರ್ಶನದಲ್ಲಿ ಕೇಳಿದ್ದು, ಪ್ರಶ್ನಾವಳಿಯ ಅಂಕ, ದಾಖಲೆಯ ಸಮಯ ಇವನ್ನು ಪಕ್ಕಪಕ್ಕದಲ್ಲಿ ಬರೆಯಿರಿ. ಎಲ್ಲವೂ ಹೊಂದಿಕೊಂಡ ಸಾಲುಗಳನ್ನು ಬೇಗ ಮುಗಿಸಿ. ರಾತ್ರಿ ಪಾಳಿಯಲ್ಲಿ ವೈದ್ಯರನ್ನು ಕರೆಯಲು ಅಂಜಿಕೆಯಿಲ್ಲ ಎಂದು ಹಾಳೆಯಲ್ಲಿ ಬರೆದವರು, ಕೂತು ನೋಡುವಾಗ ಇಂಟರ್ನ್ ಮೂಲಕವೇ ಕರೆಸುತ್ತಿದ್ದರೆ, ಆ ಸಾಲಿನ ಮೇಲೆ ಒಂದು ವಾರ ಕಳೆಯಿರಿ. ಅಂಜಿಕೆಯೆಂಬ ಪದವೇ ಅವರಿಗೆ ಹೊಂದಿರಲಾರದು. ಇಂಟರ್ನ್ ಮೂಲಕ ಕರೆಸುವುದನ್ನು ಅವರು ಮರ್ಯಾದೆಯೆಂದು ತಿಳಿದಿರಬಹುದು. ಹಾಗಿದ್ದರೆ ಅಧ್ಯಯನ ಮಾಡಬೇಕಾದದ್ದು ಆ ಮರ್ಯಾದೆಗೆ ಎಷ್ಟು ನಿಮಿಷ ತಗಲುತ್ತದೆ ಎಂಬುದನ್ನು.

ವರದಿಯನ್ನು ವಿಶ್ವವಿದ್ಯಾಲಯಕ್ಕೆ ಸಲ್ಲಿಸುವ ಮೊದಲು ವಾರ್ಡಿಗೆ ಒಯ್ಯಿರಿ. ಎರಡು ಪುಟಗಳ ಕನ್ನಡ ಸಾರಾಂಶ ಸಾಕು. ಹೆಸರಿಲ್ಲದೆ, ಹುದ್ದೆಯಿಂದ ಗುರುತು ಹಿಡಿಯಲಾಗದಂತೆ, ಮೂರು ಬಣ್ಣದ ಆ ಗೆರೆಗಳ ಚಿತ್ರದೊಡನೆ. ವೈದ್ಯರಿಗೆ ಸಭಾಂಗಣದಲ್ಲಿ, ಉಳಿದವರಿಗೆ ಕಾರಿಡಾರಿನಲ್ಲಿ ಎಂಬ ಭೇದ ಮಾಡದೆ ಒಂದೇ ಕಡೆ ಕೂರಿಸಿ ಹೇಳಿ. ಒಂದೇ ಸಲ ಹೇಳಿದರೆ ಮೂರರಲ್ಲಿ ಒಂದು ಪಾಳಿಯವರಿಗೆ ಮಾತ್ರ ತಲುಪುತ್ತದೆ, ಆದ್ದರಿಂದ ಮೂರು ಸಲ ಹೋಗಿ. ರಾತ್ರಿ ಪಾಳಿಯವರಿಗೆ ಹೇಳಲು ರಾತ್ರಿಯೇ ಹೋಗಿ, ಔಷಧ ಕೊಟ್ಟು ಮುಗಿಯುವವರೆಗೆ ಕಾದು, ಆಮೇಲೆ ಹಾಳೆ ಬಿಚ್ಚಿ. ‘ಹಂಗಲ್ರೀ, ಇದು ಹಿಂಗ’ ಎಂದು ಅವರು ತಿದ್ದಿದ್ದನ್ನು ಅಲ್ಲಿಯೇ ಬರೆದುಕೊಂಡು, ನಿಮ್ಮ ವಿಶ್ಲೇಷಣೆಯ ಪಕ್ಕದಲ್ಲಿ, ಅವರ ಮಾತಿನಲ್ಲೇ ವರದಿಗೆ ಸೇರಿಸಿ.